ಪಾರ್ಲಿಮೆಂಟು ಅಂದರೆ ಯಾರು? ದಕ್ಷಿಣ ಆಫ್ರಿಕಾದ ಹ್ಯಾರಿಸ್ ಪ್ರಕರಣ

1951ರಲ್ಲಿ ದಕ್ಷಿಣ ಆಫ್ರಿಕಾ ಒಕ್ಕೂಟದ ಪಾರ್ಲಿಮೆಂಟು ‘ಮತದಾರರ ಪ್ರತ್ಯೇಕ ಪ್ರಾತಿನಿಧ್ಯ ಕಾಯ್ದೆ’ ಎಂಬ ಕಾನೂನು ಮಾಡಿತು. ಕೇಪ್ ಪ್ರಾಂತದಲ್ಲಿ ಬಿಳಿಯರ ಜೊತೆ ಒಂದೇ ಪಟ್ಟಿಯಲ್ಲಿದ್ದ ‘ಕಲರ್ಡ್’ (ಮಿಶ್ರ ಮೂಲದ) ಮತದಾರರ ಹೆಸರುಗಳನ್ನು ಅಲ್ಲಿಂದ ಕಿತ್ತು ಬೇರೆ ಪಟ್ಟಿಗೆ ಹಾಕುವುದು ಅದರ ಉದ್ದೇಶ. ಬೇರೆ ಪಟ್ಟಿಯವರು ಕೆಳಮನೆಗೆ ನಾಲ್ಕು ಜನರನ್ನು ಆರಿಸಬಹುದು, ಆದರೆ ಆ ನಾಲ್ವರೂ ಬಿಳಿಯರೇ ಆಗಿರಬೇಕು. ಹ್ಯಾರಿಸ್ ಎಂಬುವವರೂ ಇನ್ನೂ ಮೂವರು ಕಲರ್ಡ್ ಮತದಾರರೂ ಗೃಹ ಮಂತ್ರಿಯ ಮೇಲೆ ಕೇಸು ಹಾಕಿದರು. ಈ ಕಾನೂನು ಅನ್ಯಾಯದ್ದು ಎಂಬುದು ಅವರ ವಾದವಾಗಿರಲಿಲ್ಲ. ಹಾಗೆ ವಾದಿಸಲು ಆ ದೇಶದ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಇದನ್ನು ಮಾಡಿದ್ದು ಪಾರ್ಲಿಮೆಂಟೇ ಅಲ್ಲ ಎಂದು ಅವರು ವಾದಿಸಿದರು.

ಕಾನೂನು ವಿದ್ಯಾರ್ಥಿಗಳಿಗೆ ಸಂವಿಧಾನದ ಪಾಠ ಮಾಡುವಾಗ ನಾನು ಪ್ರತಿ ವರ್ಷ ಈ ಪ್ರಕರಣಕ್ಕೆ ಬಂದೇ ಬರುತ್ತೇನೆ. ಶಾಸಕಾಂಗದ ಅಧಿಕಾರವನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ಎಂದರೆ ಏನು, ಆ ಪ್ರಶ್ನೆ ಎಲ್ಲಿಯವರೆಗೆ ಹೋಗಬಲ್ಲದು, ಎಲ್ಲಿ ಸೋಲುತ್ತದೆ ಎನ್ನುವುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಪ್ರಕರಣ ಬ್ರಿಟಿಷ್ ಡೊಮಿನಿಯನ್‌ಗಳ, ಅಂದರೆ ಸಾಮ್ರಾಜ್ಯದೊಳಗೇ ತಮ್ಮ ಆಡಳಿತ ತಾವೇ ನಡೆಸುತ್ತಿದ್ದ ದೇಶಗಳ, ಚರಿತ್ರೆಯಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ. ಐದು ವರ್ಷದಲ್ಲಿ ಮೂರು ತೀರ್ಪುಗಳು ಬಂದವು. ಮೊದಲ ಎರಡರಲ್ಲಿ ಸರ್ಕಾರ ಸೋತಿತು, ಮೂರನೆಯದರಲ್ಲಿ ಗೆದ್ದಿತು. ಸೋತಾಗ ಮಾಡಿದ ತಪ್ಪೇನು, ಗೆದ್ದಾಗ ಹಿಡಿದ ದಾರಿ ಯಾವುದು ಎಂಬುದರಲ್ಲೇ ಪ್ರಕರಣದ ಜೀವ ಇದೆ.

ಬೀಗ ಹಾಕಿದ ಕಲಂ

ಬೋಯರ್ ಯುದ್ಧ ಮುಗಿದ ಮೇಲೆ ಕೇಪ್, ನಟಾಲ್, ಟ್ರಾನ್ಸ್‌ವಾಲ್, ಆರೆಂಜ್ ರಿವರ್ ಎಂಬ ನಾಲ್ಕು ವಸಾಹತುಗಳನ್ನು ಸೇರಿಸಿ ಒಂದು ಒಕ್ಕೂಟ ಮಾಡಲು ಬ್ರಿಟಿಷ್ ಪಾರ್ಲಿಮೆಂಟು 1909ರಲ್ಲಿ ದಕ್ಷಿಣ ಆಫ್ರಿಕಾ ಕಾಯ್ದೆಯನ್ನು ಮಾಡಿತು. 1910ರ ಮೇ 31ರಂದು ಒಕ್ಕೂಟ ಹುಟ್ಟಿತು. ನಾಲ್ಕು ವಸಾಹತುಗಳಲ್ಲಿ ಕೇಪಿನ ಮತದಾನದ ಪದ್ಧತಿಯೇ ಬೇರೆ. 1853ರಿಂದಲೂ ಅಲ್ಲಿ ಬಣ್ಣ ನೋಡದೆ, ಆಸ್ತಿ ಅಥವಾ ಸಂಬಳ ನೋಡಿ ಗಂಡಸರಿಗೆ ಮತ ಕೊಡುತ್ತಿದ್ದರು. ಅದೇನೂ ಎಲ್ಲರಿಗೂ ತೆರೆದ ಬಾಗಿಲಲ್ಲ. ಕಪ್ಪು ಮತದಾರರು ಹೆಚ್ಚಾಗತೊಡಗಿದಾಗ 1892ರಲ್ಲಿ ಆಸ್ತಿಯ ಮಟ್ಟವನ್ನು 25 ಪೌಂಡಿನಿಂದ 75ಕ್ಕೆ ಏರಿಸಿ, ಹೆಸರು, ವಿಳಾಸ, ಕಸುಬು ಬರೆಯಲು ಬರಬೇಕೆಂಬ ನಿಯಮವನ್ನೂ ಸೇರಿಸಿದರು. ಆದರೂ ಬಾಗಿಲು ಇತ್ತು. ಉಳಿದ ಕಡೆ, ನಟಾಲಿನಲ್ಲಿ ಹೆಸರಿಗಷ್ಟೇ ಇದ್ದ ಸ್ವಲ್ಪ ಅವಕಾಶ ಬಿಟ್ಟರೆ, ಅದೂ ಇರಲಿಲ್ಲ.

ಕೇಪಿನವರು ತಮ್ಮ ಪದ್ಧತಿ ಬಿಡಲು ಒಪ್ಪಲಿಲ್ಲ, ಉತ್ತರದವರು ಅದನ್ನು ತಮ್ಮಲ್ಲಿ ತರಲು ಒಪ್ಪಲಿಲ್ಲ. ಕೊನೆಗೆ ಆದ ರಾಜಿಯೇ ಕಲಂ 35. ಕೇಪಿನಲ್ಲಿ ಯಾರನ್ನಾದರೂ ಜನಾಂಗ ಅಥವಾ ಬಣ್ಣದ ಕಾರಣಕ್ಕಷ್ಟೇ ಮತದಾರರ ಪಟ್ಟಿಯಿಂದ ಹೊರಗಿಡುವ ಕಾನೂನು ಮಾಡಬೇಕಾದರೆ ಎರಡೂ ಸದನಗಳು ಒಟ್ಟಿಗೆ ಕೂರಬೇಕು. ಮಸೂದೆಯ ಕೊನೆಯ ಹಂತವಾದ ಮೂರನೇ ವಾಚನದಲ್ಲಿ ಎರಡೂ ಸದನಗಳ ಒಟ್ಟು ಸದಸ್ಯರ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಒಪ್ಪಬೇಕು. ಹಾಜರಿದ್ದವರ ಮೂರನೇ ಎರಡು ಭಾಗ ಸಾಲದು, ಒಟ್ಟು ಸದಸ್ಯರದ್ದೇ ಆಗಬೇಕು. ಈ ನಿಯಮವನ್ನೇ ತೆಗೆದುಹಾಕಿ ದಾರಿ ಸುಲಭ ಮಾಡಿಕೊಳ್ಳದಿರಲಿ ಎಂದು ಕಲಂ 152ರಲ್ಲಿ ಅದಕ್ಕೂ ಅದೇ ಬೀಗ ಹಾಕಿದರು.

ಬೀಗ ಹಾಕಿದ ಇನ್ನೊಂದು ಕಲಂ 137. ಇಂಗ್ಲಿಷಿಗೂ ಡಚ್ಚಿಗೂ ಸಮಾನ ಸ್ಥಾನ ಕೊಟ್ಟ ಕಲಂ ಅದು. ಡಚ್ ಎಂಬ ಮಾತಿನಲ್ಲಿ ಅದರಿಂದ ಹುಟ್ಟಿದ ಆಫ್ರಿಕಾನ್ಸ್ ಕೂಡ ಸೇರುತ್ತದೆಂದು 1925ರಲ್ಲಿ ಸ್ಪಷ್ಟಪಡಿಸಿದರು. ಭಾಷೆಯ ಹಕ್ಕಿಗಾಗಿ ಹೋರಾಡಿದ ನಾಡಿನಿಂದ ಬಂದ ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಲರ್ಡ್ ಜನರ ಮತವನ್ನೂ ಆಫ್ರಿಕಾನ್ಸ್ ಆಡುವ ಬಿಳಿಯರಾದ ಆಫ್ರಿಕಾನರ್ ಜನರ ತಾಯ್ನುಡಿಯನ್ನೂ ಕಾಯುತ್ತಿದ್ದದ್ದು ಒಂದೇ ಬೀಗ, ಒಂದೇ ಕೀಲಿಕೈ. ಮೊದಲನೆಯದನ್ನು ಒಡೆಯಲು ಹೊರಟ ಪಕ್ಷ ಎರಡನೆಯದನ್ನು ಪ್ರಾಣದಂತೆ ಕಾಪಾಡಿಕೊಂಡು ಬಂದವರದೇ ಪಕ್ಷ.

‘ಕಲರ್ಡ್’ ಎಂಬ ಹೆಸರು ಸರ್ಕಾರದ ಕಾಗದದಲ್ಲಿ ಗಟ್ಟಿಯಾದದ್ದು. ಕೇಪಿನ ಮೂಲ ನಿವಾಸಿಗಳಾದ ಖೋಯ್ ಜನ, ಅಲ್ಲಿ ನೆಲೆಸಿದ ಯುರೋಪಿಯನ್ನರು, ಡಚ್ ಕಂಪನಿಯವರು ಹಡಗಿನಲ್ಲಿ ತಂದ ಗುಲಾಮರು, ಇವರೆಲ್ಲರ ಸಂತತಿ ಅದು. ಆ ಗುಲಾಮರಲ್ಲಿ ಇಂಡೋನೇಷ್ಯಾದ ದ್ವೀಪಗಳವರು, ಮಡಗಾಸ್ಕರಿನವರು ಇದ್ದಂತೆ ಬಂಗಾಳ, ಮಲಬಾರು, ಕೋರಮಂಡಲ ತೀರದವರೂ ಇದ್ದರು. ಇವರಲ್ಲಿ ಬಹಳ ಜನರ ಮನೆಮಾತು ಆಫ್ರಿಕಾನ್ಸ್. ಅಂದರೆ ಕಲಂ 137 ಕಾಯುತ್ತಿದ್ದ ಭಾಷೆ ಇವರದೂ ಹೌದು.

1936ರ ಮೊದಲ ಪೆಟ್ಟು

ಹ್ಯಾರಿಸ್ ಪ್ರಕರಣ ಅರ್ಥವಾಗಬೇಕಾದರೆ ಹದಿನೈದು ವರ್ಷ ಹಿಂದಕ್ಕೆ ಹೋಗಬೇಕು. 1931ರಲ್ಲಿ ಬ್ರಿಟನ್ ವೆಸ್ಟ್‌ಮಿನ್‌ಸ್ಟರ್ ಶಾಸನ ಮಾಡಿತು. ಅಲ್ಲಿಯವರೆಗೆ ಡೊಮಿನಿಯನ್ನಿನ ಕಾನೂನು ತನಗೆ ಅನ್ವಯಿಸುವ ಬ್ರಿಟಿಷ್ ಕಾನೂನಿಗೆ ವಿರುದ್ಧವಾದರೆ ಬಿದ್ದುಹೋಗುತ್ತಿತ್ತು. 1865ರ ಒಂದು ಕಾಯ್ದೆಯಲ್ಲಿ ಹಾಗೆ ಇತ್ತು. ಇನ್ನು ಮುಂದೆ ಆ ತೊಡಕಿಲ್ಲ ಎಂದು ಹೊಸ ಶಾಸನ ಹೇಳಿತು. ಅದಕ್ಕೆ ಒಪ್ಪಿಗೆ ಕೊಡುವಾಗ ದಕ್ಷಿಣ ಆಫ್ರಿಕಾದ ಕೆಳಮನೆ, ಬೀಗ ಹಾಕಿದ ಕಲಂಗಳಿಗೆ ಇದರಿಂದ ಯಾವ ಧಕ್ಕೆಯೂ ಆಗಬಾರದು ಎಂಬ ತಿಳಿವಳಿಕೆಯನ್ನು ತನ್ನ ನಿರ್ಣಯದಲ್ಲೇ ಬರೆದಿತ್ತು.

ನಂತರ 1936ರಲ್ಲಿ ಪ್ರಧಾನಿ ಹರ್ಟ್‌ಝೋಗ್ ಅವರ ಸರ್ಕಾರ ಕೇಪಿನ ಆಫ್ರಿಕನ್ ಮತದಾರರನ್ನು ಸಾಮಾನ್ಯ ಪಟ್ಟಿಯಿಂದ ತೆಗೆದು ಬೇರೆ ಪಟ್ಟಿಗೆ ಹಾಕಿತು. ಅದಕ್ಕೆ ಜಂಟಿ ಅಧಿವೇಶನ ಕರೆದರು, ಮತಕ್ಕೆ ಹಾಕಿದರು. ಪರವಾಗಿ 169, ವಿರುದ್ಧ 11. ಎನ್‌ಡ್ಲ್ವಾನಾ ಎಂಬ ಕೇಪಿನ ಆಫ್ರಿಕನ್ ಮತದಾರರೊಬ್ಬರು ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು. 1937ರಲ್ಲಿ ದೇಶದ ಅತ್ಯುನ್ನತ ಕೋರ್ಟಾದ ಬ್ಲೂಮ್‌ಫೊಂಟೇನಿನ ಮೇಲ್ಮನವಿ ಪೀಠ, ವೆಸ್ಟ್‌ಮಿನ್‌ಸ್ಟರ್ ಶಾಸನದ ನಂತರ ನಮ್ಮ ಪಾರ್ಲಿಮೆಂಟು ಪೂರ್ಣ ಸಾರ್ವಭೌಮ, ಅದು ಮಾಡಿದ ಕಾನೂನನ್ನು ಕೋರ್ಟು ಜಾರಿ ಮಾಡಬೇಕೇ ಹೊರತು ಪ್ರಶ್ನಿಸುವಂತಿಲ್ಲ ಎಂದು ಒಂದೇ ಏಟಿಗೆ ಮುಗಿಸಿಬಿಟ್ಟಿತು. ತೀರ್ಪು ಚಿಕ್ಕದು. ಅದರ ನೆರಳು ಮಾತ್ರ ಬಹಳ ಉದ್ದ.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದೆ ಹ್ಯಾರಿಸ್ ಗೆದ್ದಾಗ ಎಲ್ಲರೂ ಸಂಭ್ರಮಪಟ್ಟರು. ಆದರೆ 1936ರಲ್ಲಿ ಆಫ್ರಿಕನ್ನರ ಮತ ಹೋದದ್ದು ವಿಧಿವತ್ತಾಗಿ, ಎರಡು ಸದನ ಸೇರಿ, ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಬಹುಮತದಿಂದ. ಬೀಗ ತನ್ನ ಕೆಲಸವನ್ನು ಸರಿಯಾಗಿ ಮಾಡಿದರೂ ಅವರನ್ನು ಕಾಯಲಿಲ್ಲ. ಸದನದಲ್ಲಿ ಕೂರಲು ಬಿಳಿಯರಿಗೆ ಮಾತ್ರ ಅರ್ಹತೆ ಇದ್ದ ದೇಶದಲ್ಲಿ ಮೂರನೇ ಎರಡು ಬಹುಮತವೆಂದರೆ ಬಿಳಿಯರ ನಡುವಿನ ಒಪ್ಪಂದ, ಅಷ್ಟೇ. 1930ರಲ್ಲಿ ಬಿಳಿಯ ಹೆಂಗಸರಿಗೆ ಮಾತ್ರ ಮತ ಕೊಟ್ಟು, ಮರುವರ್ಷ ಬಿಳಿಯರಿಗೆ ಮಾತ್ರ ಆಸ್ತಿಯ ಷರತ್ತು ತೆಗೆದು ಕಲರ್ಡ್ ಮತದ ತೂಕವನ್ನು ಇಳಿಸಿದಾಗಲೂ ಕಲಂ 35ಕ್ಕೆ ಕೂದಲೂ ಕೊಂಕಿರಲಿಲ್ಲ.

ಮೊದಲ ತೀರ್ಪು: 1952ರ ಮಾರ್ಚ್ 20

1948ರ ಚುನಾವಣೆಯಲ್ಲಿ ಡಿ.ಎಫ್. ಮಲಾನ್ ಅವರ ನ್ಯಾಷನಲ್ ಪಕ್ಷ ತನ್ನ ಮಿತ್ರಪಕ್ಷದ ಜೊತೆ ಸೇರಿ 153ರಲ್ಲಿ 79 ಸೀಟು ಗೆದ್ದು ಅಧಿಕಾರಕ್ಕೆ ಬಂತು. ಅಪಾರ್ಥೈಡ್, ಅಂದರೆ ಬಣ್ಣ ನೋಡಿ ಜನರನ್ನು ಬೇರೆ ಇಡುವ ನೀತಿ, ಎಂಬ ಮಾತನ್ನು ಮುಂದಿಟ್ಟುಕೊಂಡೇ ಬಂತು. ಕೇಪಿನ ಕೆಲವು ಕ್ಷೇತ್ರಗಳಲ್ಲಿ ಕಲರ್ಡ್ ಮತ ಯಾವ ಕಡೆ ವಾಲುತ್ತದೋ ಆ ಕಡೆ ಗೆಲುವು. ಆ ಮತ ಬಹುಪಾಲು ವಿರೋಧಿ ಯುನೈಟೆಡ್ ಪಕ್ಷಕ್ಕೆ ಹೋಗುತ್ತಿತ್ತು. ಇಷ್ಟು ತೆಳುವಾದ ಬಹುಮತದ ಸರ್ಕಾರಕ್ಕೆ ಅದು ಕಣ್ಣಿಗೆ ಬಿದ್ದ ಕಸ. ಮೂರನೇ ಎರಡು ಬಹುಮತ ಕನಸಿನ ಮಾತು. ಆದರೆ 1937ರ ತೀರ್ಪು ಕೈಯಲ್ಲಿತ್ತು. ಪಾರ್ಲಿಮೆಂಟು ಸಾರ್ವಭೌಮ ಎಂದ ಮೇಲೆ ಜಂಟಿ ಅಧಿವೇಶನ ಯಾಕೆ? 1951ರ ಕಾಯ್ದೆಯನ್ನು ಎರಡು ಸದನಗಳಲ್ಲಿ ಬೇರೆಬೇರೆಯಾಗಿ, ಸಾದಾ ಬಹುಮತದಿಂದ ಪಾಸು ಮಾಡಿದರು.

ಬೀದಿಯಲ್ಲಿ ಪ್ರತಿಭಟನೆ ಎದ್ದಿತು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರು ಟಾರ್ಚ್ ಕಮಾಂಡೊ ಎಂಬ ಸಂಘಟನೆ ಕಟ್ಟಿ, ಪಂಜು ಹಿಡಿದು ರಾತ್ರಿ ಮೆರವಣಿಗೆ ನಡೆಸಿದರು. ಮುಂದಾಳು ಯುದ್ಧ ವಿಮಾನದ ಹೆಸರಾಂತ ಪೈಲಟ್ ‘ಸೇಲರ್’ ಮಲಾನ್. ಕಲರ್ಡ್ ಸಂಘಟನೆಗಳು ಕೇಪಿನಲ್ಲಿ ಮುಷ್ಕರ ಹೂಡಿದವು. ಹ್ಯಾರಿಸ್ ಮತ್ತು ಸಂಗಡಿಗರು ಕೇಪಿನ ಕೋರ್ಟಿಗೆ ಹೋದರು. ಅಲ್ಲಿನ ನ್ಯಾಯಾಧೀಶರು 1937ರ ತೀರ್ಪು ನಮ್ಮ ಕೈ ಕಟ್ಟಿದೆ ಎಂದು ಅರ್ಜಿ ವಜಾ ಮಾಡಿದರು. ಪ್ರಕರಣ ಬ್ಲೂಮ್‌ಫೊಂಟೇನಿಗೆ ಏರಿತು.

ಐವರ ಪೀಠ. ಮುಖ್ಯ ನ್ಯಾಯಮೂರ್ತಿ ಆಲ್ಬರ್ಟ್ ಸೆಂಟ್ಲಿವರ್ಸ್, ಜೊತೆಗೆ ಗ್ರೀನ್‌ಬರ್ಗ್, ಶ್ರೈನರ್, ವಾನ್ ಡೆನ್ ಹೀವರ್, ಹೂಕ್ಸ್‌ಟರ್. ಸರ್ಕಾರದ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇತ್ತು. ದಕ್ಷಿಣ ಆಫ್ರಿಕಾ ಕಾಯ್ದೆ ಬ್ರಿಟಿಷ್ ಪಾರ್ಲಿಮೆಂಟಿನ ಕಾನೂನು. ಬ್ರಿಟಿಷ್ ಕಾನೂನಿಗೆ ವಿರುದ್ಧವಾದರೂ ಡೊಮಿನಿಯನ್ನಿನ ಕಾನೂನು ಊರ್ಜಿತ ಎಂದು ವೆಸ್ಟ್‌ಮಿನ್‌ಸ್ಟರ್ ಶಾಸನ ಹೇಳಿದೆ. ಹಾಗಾಗಿ ಕಲಂ 35 ಕೂಡ ಮೀರಬಹುದಾದ ಬ್ರಿಟಿಷ್ ಕಾನೂನುಗಳಲ್ಲಿ ಒಂದು. ಮೇಲಾಗಿ ಸಾರ್ವಭೌಮ ಎಂದ ಮೇಲೆ ಅದನ್ನು ಕಟ್ಟಿಹಾಕುವ ಹಗ್ಗ ಯಾವುದೂ ಇರಲು ಸಾಧ್ಯವಿಲ್ಲ.

ಸೆಂಟ್ಲಿವರ್ಸ್ ಬರೆದ, ಐವರೂ ಒಪ್ಪಿದ ತೀರ್ಪು ಈ ವಾದವನ್ನು ಬುಡದಲ್ಲೇ ಹಿಡಿಯಿತು. ವೆಸ್ಟ್‌ಮಿನ್‌ಸ್ಟರ್ ಶಾಸನ ಅಧಿಕಾರ ಕೊಟ್ಟದ್ದು ಯಾರಿಗೆ? ‘ಡೊಮಿನಿಯನ್ನಿನ ಪಾರ್ಲಿಮೆಂಟಿಗೆ’. ಒಕ್ಕೂಟದ ಪಾರ್ಲಿಮೆಂಟು ಅಂದರೆ ಯಾರು ಎಂದು ಶಾಸನ ಹೇಳುವುದಿಲ್ಲ. ಅದನ್ನು ಹೇಳುವುದು ದಕ್ಷಿಣ ಆಫ್ರಿಕಾ ಕಾಯ್ದೆಯೇ. ಆ ಕಾಯ್ದೆಯ ಪ್ರಕಾರ ಸಾಮಾನ್ಯ ವಿಷಯಗಳಿಗೆ ಪಾರ್ಲಿಮೆಂಟು ಎಂದರೆ ರಾಜ ಮತ್ತು ಬೇರೆಬೇರೆ ಕೂತ ಎರಡು ಸದನಗಳು. ಕಲಂ 35ರ ವಿಷಯಕ್ಕೆ ಮಾತ್ರ ಪಾರ್ಲಿಮೆಂಟು ಎಂದರೆ ರಾಜ ಮತ್ತು ಒಟ್ಟಿಗೆ ಕೂತು ಮೂರನೇ ಎರಡು ಬಹುಮತದಿಂದ ಮಾತನಾಡುವ ಎರಡು ಸದನಗಳು. ಬೇರೆ ರೀತಿಯಲ್ಲಿ ಕೂತವರು ಈ ವಿಷಯದ ಮಟ್ಟಿಗೆ ಪಾರ್ಲಿಮೆಂಟೇ ಅಲ್ಲ. ಆದ್ದರಿಂದ 1951ರಲ್ಲಿ ಹೊರಬಂದ ಕಾಗದ ಕಾಯ್ದೆ ಅಲ್ಲ, ಅಸಿಂಧು.

ಇದು ಪದದಾಟ ಎಂದು ನನ್ನ ವಿದ್ಯಾರ್ಥಿಗಳು ಕೆಲವೊಮ್ಮೆ ಆಕ್ಷೇಪಿಸುತ್ತಾರೆ. ಅಲ್ಲ. ನಮ್ಮ ಊರಿನ ಹಾಲಿನ ಸಹಕಾರ ಸಂಘವನ್ನೇ ತೆಗೆದುಕೊಳ್ಳಿ. ಸಂಘದ ಜಾಗ ಮಾರಬೇಕಾದರೆ ಸರ್ವಸದಸ್ಯರ ಸಭೆ ಕರೆದು ಇಷ್ಟು ಜನ ಒಪ್ಪಬೇಕು ಎಂದು ಬೈಲಾದಲ್ಲಿದೆ ಎನ್ನಿ. ಆಡಳಿತ ಮಂಡಳಿಯ ನಾಲ್ಕು ಜನ ಒಂದು ಸಂಜೆ ಕೂತು ಮಾರಾಟದ ಠರಾವು ಬರೆದರೆ ಜಾಗ ಮಾರಿದ್ದು ಸಂಘವಲ್ಲ, ಆ ನಾಲ್ಕು ಜನ. ಸಂಘಕ್ಕೆ ಜಾಗ ಮಾರುವ ಅಧಿಕಾರ ಇಲ್ಲವೆಂದು ಯಾರೂ ಹೇಳುತ್ತಿಲ್ಲ. ಸಂಘ ಇನ್ನೂ ಬಾಯಿ ಬಿಟ್ಟಿಲ್ಲ ಎನ್ನುತ್ತಿದ್ದಾರೆ. ಒಂದು ಗುಂಪಿನ ಮಾತು ಸಂಸ್ಥೆಯ ಮಾತಾಗುವುದು ನಿಯಮದಿಂದ. ಆ ನಿಯಮವನ್ನು ಪಾರ್ಲಿಮೆಂಟಿನ ಮೇಲೆ ಹೊರಗಿನವರು ಹೇರಿದ ಬೇಡಿಯೆಂದು ನೋಡಬಾರದು. ಅದಿಲ್ಲದಿದ್ದರೆ ಪಾರ್ಲಿಮೆಂಟೇ ಇಲ್ಲ. ಸೆಂಟ್ಲಿವರ್ಸ್ ಅವರ ಈ ಒಳನೋಟ ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಹಗ್ಗದ ವಾದಕ್ಕೂ ಉತ್ತರ ಕೊಟ್ಟರು. ಅಮೆರಿಕದ ಕಾಂಗ್ರೆಸ್ಸಿನ ಅಧಿಕಾರಕ್ಕೆ ಸಂವಿಧಾನದ ಮಿತಿ ಇದೆ, ಹಾಗೆಂದು ಅಮೆರಿಕ ಸಾರ್ವಭೌಮ ದೇಶವಲ್ಲ ಎಂದು ಯಾರಾದರೂ ಹೇಳುತ್ತಾರೆಯೇ? ದೇಶದ ಸಾರ್ವಭೌಮತ್ವ ಬೇರೆ, ಸಾದಾ ಬಹುಮತದ ಸರ್ವಾಧಿಕಾರ ಬೇರೆ. 1937ರ ತೀರ್ಪು ತಪ್ಪು ಎಂದು ಅದನ್ನು ಅವರು ತಳ್ಳಿಹಾಕಿದರು. ತನ್ನದೇ ಹಿಂದಿನ ತೀರ್ಪನ್ನು ತಪ್ಪೆಂದು ಒಪ್ಪುವುದು ಯಾವ ಉನ್ನತ ಪೀಠಕ್ಕೂ ಹಗುರವಲ್ಲ. ವ್ಯಕ್ತಿಗಳ ಹಕ್ಕು ಕಾಯಲು ಇಟ್ಟ ಕಲಮಿನ ವಿಷಯದಲ್ಲಿ ಹಳೆಯ ತಪ್ಪನ್ನೇ ಮುಂದುವರಿಸುವುದು ಸಲ್ಲದು ಎಂದು ಅವರಿಗೆ ಅನ್ನಿಸಿತು.

ಪಾರ್ಲಿಮೆಂಟೇ ಕೋರ್ಟಾದದ್ದು

ಪ್ರಧಾನಿ ಮಲಾನ್ ತೀರ್ಪನ್ನು ಒಪ್ಪಲಿಲ್ಲ. ಜನರು ಆರಿಸಿದ ಸದನದ ಮೇಲೆ ಯಾರೂ ಆರಿಸದ ನ್ಯಾಯಾಧೀಶರು ಕೂರಬಾರದು ಎಂಬುದು ಅವರ ಪಕ್ಷದ ನಿಲುವು. 1952ರಲ್ಲೇ ‘ಪಾರ್ಲಿಮೆಂಟಿನ ಉಚ್ಚ ನ್ಯಾಯಾಲಯ ಕಾಯ್ದೆ’ ಬಂತು, ಅದೂ ಸಾದಾ ಬಹುಮತದಿಂದಲೇ. ಮೇಲ್ಮನವಿ ಪೀಠ ಯಾವುದಾದರೂ ಕಾಯ್ದೆಯನ್ನು ಅಸಿಂಧು ಎಂದರೆ ಆ ತೀರ್ಪನ್ನು ಪರಿಶೀಲಿಸಲು ಒಂದು ಹೊಸ ಕೋರ್ಟು. ಅದರ ನ್ಯಾಯಾಧೀಶರು ಎರಡೂ ಸದನಗಳ ಸದಸ್ಯರು. ತೀರ್ಮಾನ ಸಾದಾ ಬಹುಮತದ್ದು. ಆಗಸ್ಟಿನಲ್ಲಿ ಅದು ಪ್ರಿಟೋರಿಯಾದಲ್ಲಿ ಕೂತಿತು. ವಿರೋಧ ಪಕ್ಷದವರು ಹೋಗಲಿಲ್ಲ. ಆಳುವ ಪಕ್ಷದವರು ಮಾತ್ರ ಕೂತು ಹ್ಯಾರಿಸ್ ತೀರ್ಪನ್ನು ರದ್ದು ಮಾಡಿದರು.

ಮತ್ತೆ ಕೇಪಿನ ಕೋರ್ಟು, ಮತ್ತೆ ಬ್ಲೂಮ್‌ಫೊಂಟೇನ್. 1952ರ ನವೆಂಬರ್ 13ರಂದು ಅದೇ ಐವರು, ಐದು ಬೇರೆಬೇರೆ ತೀರ್ಪು ಬರೆದು, ಒಂದೇ ನಿರ್ಣಯಕ್ಕೆ ಬಂದರು: ಇದು ಕೋರ್ಟು ಅಲ್ಲ, ಹೆಸರು ಬದಲಿಸಿಕೊಂಡ ಪಾರ್ಲಿಮೆಂಟು. ಒಂದು ಹಕ್ಕಿಗೆ ಕಾವಲು ಇಟ್ಟಿದೆ ಎಂದರೆ ಹಕ್ಕು ಮುರಿದಾಗ ಹೋಗಿ ಕೇಳಲು ನಿಜವಾದ ನ್ಯಾಯಾಲಯ ಇರಬೇಕೆಂಬುದೂ ಅದರೊಳಗೇ ಸೇರಿದೆ. ಹಕ್ಕು ಮುರಿದವರೇ ನ್ಯಾಯ ಹೇಳಲು ಕೂತರೆ ಕಾವಲು ಉಳಿಯುವುದಿಲ್ಲ. ಸರ್ಕಾರ ಈ ಬಾರಿ ತೀರ್ಪಿಗೆ ತಲೆಬಾಗಿತು. 1953ರ ಚುನಾವಣೆಯಲ್ಲಿ ಕಲರ್ಡ್ ಮತದಾರರು ಸಾಮಾನ್ಯ ಪಟ್ಟಿಯಲ್ಲೇ ಮತ ಹಾಕಿದರು.

ಅದೇ 1952ರ ಜೂನ್ 26ರಿಂದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸೂ ಅಲ್ಲಿನ ಭಾರತೀಯರ ಕಾಂಗ್ರೆಸ್ಸೂ ಸೇರಿ ಅನ್ಯಾಯದ ಕಾನೂನುಗಳನ್ನು ಮುರಿಯುವ ಚಳವಳಿ ನಡೆಸುತ್ತಿದ್ದವು. ಎಂಟು ಸಾವಿರಕ್ಕೂ ಹೆಚ್ಚು ಜನ ತಾವಾಗಿ ಜೈಲಿಗೆ ಹೋದರು. ಬ್ಲೂಮ್‌ಫೊಂಟೇನಿನ ಕೋರ್ಟಿನಲ್ಲಿ ನಡೆಯುತ್ತಿದ್ದ ವಾದ ಅವರಲ್ಲಿ ಬಹುಪಾಲು ಜನಕ್ಕೆ ಸಂಬಂಧಿಸಿದ್ದೇ ಅಲ್ಲ. ಅವರ ಮತ ಯಾವಾಗಲೋ ಹೋಗಿತ್ತು ಅಥವಾ ಎಂದೂ ಇರಲಿಲ್ಲ. ಹ್ಯಾರಿಸ್ ತೀರ್ಪನ್ನು ಹೊಗಳುವವರು ಈ ಎರಡು ದೃಶ್ಯಗಳನ್ನೂ ಒಟ್ಟಿಗೆ ಕಣ್ಣ ಮುಂದೆ ಇಟ್ಟುಕೊಳ್ಳಬೇಕು.

ಕೀಲಿಕೈಯನ್ನೇ ಎರಕ ಹೊಯ್ದ ಬಗೆ

1953ರಲ್ಲಿ ನ್ಯಾಷನಲ್ ಪಕ್ಷ ಇನ್ನಷ್ಟು ಬಲವಾಗಿ ಮರಳಿತು: 159ರಲ್ಲಿ 94. ಆದರೂ ಲೆಕ್ಕ ಕೂಡಲಿಲ್ಲ. ಕೆಳಮನೆಯ 159, ಮೇಲ್ಮನೆಯಾದ ಸೆನೆಟ್ಟಿನ 48, ಒಟ್ಟು 207. ಮೂರನೇ ಎರಡು ಎಂದರೆ 138. ಮಲಾನ್ ಜಂಟಿ ಅಧಿವೇಶನ ಕರೆದು ನೋಡಿದರು, ವಿರೋಧ ಪಕ್ಷದಿಂದ ಕೆಲವರನ್ನು ಸೆಳೆಯಲು ನೋಡಿದರು, ಆಗಲಿಲ್ಲ. 1954ರ ಕೊನೆಗೆ ಅವರು ನಿವೃತ್ತರಾಗಿ ಜೆ.ಜಿ. ಸ್ಟ್ರೈಡೊಮ್ ಪ್ರಧಾನಿಯಾದರು. ಸ್ಟ್ರೈಡೊಮ್ ಸರ್ಕಾರಕ್ಕೆ ಹ್ಯಾರಿಸ್ ತೀರ್ಪು ಒಂದು ಪಾಠ ಕಲಿಸಿತ್ತು. ಬೀಗ ಒಡೆದರೆ ಕೋರ್ಟು ಹಿಡಿಯುತ್ತದೆ, ಕೀಲಿಕೈ ಮಾಡಿಸಿಕೊಂಡರೆ?

1955ರಲ್ಲಿ ಎರಡು ಕಾಯ್ದೆಗಳು ಬಂದವು. ಮೊದಲನೆಯದು ಮೇಲ್ಮನವಿ ಪೀಠದ ಕೋರಂ ಕಾಯ್ದೆ. ಪಾರ್ಲಿಮೆಂಟಿನ ಕಾಯ್ದೆಯ ಸಿಂಧುತ್ವದ ಪ್ರಶ್ನೆ ಬಂದರೆ ಹನ್ನೊಂದು ನ್ಯಾಯಾಧೀಶರು ಕೂರಬೇಕು. ಅದಕ್ಕೆ ಐವರು ಹೊಸ ನ್ಯಾಯಾಧೀಶರನ್ನು ನೇಮಿಸಿದರು. ಎರಡನೆಯದು ಸೆನೆಟ್ ಕಾಯ್ದೆ. ಸೆನೆಟ್ಟಿನ ಸದಸ್ಯರ ಸಂಖ್ಯೆ 48ರಿಂದ 89ಕ್ಕೆ ಏರಿತು. ಅದಕ್ಕಿಂತ ಮುಖ್ಯವಾದದ್ದು ಆಯ್ಕೆಯ ವಿಧಾನ. ಅಲ್ಲಿಯವರೆಗೆ ಪ್ರಾಂತದ ಸೆನೆಟರುಗಳನ್ನು ಪಕ್ಷಗಳ ಬಲಕ್ಕೆ ತಕ್ಕ ಪ್ರಮಾಣದಲ್ಲಿ ಆರಿಸುತ್ತಿದ್ದರು. ಇನ್ನು ಮುಂದೆ ಪ್ರಾಂತದ ಶಾಸಕರಲ್ಲಿ ಯಾರಿಗೆ ಬಹುಮತವೋ ಅವರಿಗೇ ಅಲ್ಲಿನ ಎಲ್ಲ ಸೀಟು. ಟ್ರಾನ್ಸ್‌ವಾಲ್, ಕೇಪ್, ಫ್ರೀ ಸ್ಟೇಟ್ (ಹಿಂದಿನ ಆರೆಂಜ್ ರಿವರ್) ಮೂರೂ ಪೂರ್ತಿಯಾಗಿ ಆಳುವ ಪಕ್ಷದ ಪಾಲಾದವು. 89ರಲ್ಲಿ 77 ಅವರವು. ಈ ಎರಡೂ ಕಾಯ್ದೆಗಳಿಗೆ ಕಲಂ 35ರ ಬೀಗ ಇರಲಿಲ್ಲ. ಸಾದಾ ಬಹುಮತ ಸಾಕಾಗಿತ್ತು.

ಸೆನೆಟ್ ಕಾಯ್ದೆಯ ವಿರುದ್ಧ 1955ರ ಮೇ ತಿಂಗಳಲ್ಲಿ ಆರು ಜನ ಬಿಳಿಯ ಹೆಂಗಸರು ಜೊಹಾನ್ಸ್‌ಬರ್ಗಿನಲ್ಲಿ ಚಹಾಕ್ಕೆ ಕೂತಾಗ ಹುಟ್ಟಿದ ಸಂಘಟನೆ ಮುಂದೆ ಬ್ಲ್ಯಾಕ್ ಸ್ಯಾಶ್ ಎಂದು ಹೆಸರಾಯಿತು. ಅವರ ಪ್ರತಿಭಟನೆಯಲ್ಲಿ ಘೋಷಣೆ ಇಲ್ಲ, ಕೂಗಾಟ ಇಲ್ಲ. ಒಂದು ಹೆಗಲಿನಿಂದ ಸೊಂಟಕ್ಕೆ ಅಡ್ಡವಾಗಿ ಅಗಲದ ಕಪ್ಪು ಪಟ್ಟಿ, ಸತ್ತ ಸಂವಿಧಾನಕ್ಕೆ ಸೂತಕದ ಗುರುತು. ಮಂತ್ರಿ ರೈಲಿನಿಂದ ಇಳಿದರೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಇವರು. ವಿಮಾನ ಇಳಿದರೆ ಅಲ್ಲೂ ಇವರು. ತಲೆ ತಗ್ಗಿಸಿ ಸುಮ್ಮನೆ ನಿಂತಿರುತ್ತಿದ್ದರು. ಮಂತ್ರಿ ಆ ಸಾಲಿನ ನಡುವೆ ನಡೆದು ಹೋಗಬೇಕು. ಸಂವಿಧಾನದ ಕಾಲು ಭಾಗವನ್ನೂ ಓದಿರದ ಎಷ್ಟೋ ಗೃಹಿಣಿಯರು ಕಲಂ 35 ಏನು ಹೇಳುತ್ತದೆಂದು ಅಕ್ಕಪಕ್ಕದವರಿಗೆ ವಿವರಿಸುವಷ್ಟು ಕಲಿತುಕೊಂಡರು. ಮುಂದಿನ ದಶಕಗಳಲ್ಲಿ ಅವರು ಓಡಾಟಕ್ಕೆ ಪರವಾನಗಿ ಪತ್ರ ಬೇಕೆನ್ನುವ ಪಾಸ್ ಕಾನೂನಿನಲ್ಲಿ ಸಿಕ್ಕಿಬಿದ್ದ ಆಫ್ರಿಕನ್ನರಿಗೆ ನೆರವಾಗುವ ಸಲಹಾ ಕಚೇರಿಗಳನ್ನು ನಡೆಸಿದರು. 1990ರಲ್ಲಿ ಬಿಡುಗಡೆಯಾದ ದಿನ ಕೇಪ್ ಟೌನಿನಲ್ಲಿ ಮಾಡಿದ ಭಾಷಣದಲ್ಲಿ ಮಂಡೇಲಾ ಬ್ಲ್ಯಾಕ್ ಸ್ಯಾಶ್ ಸಂಘಟನೆಯನ್ನು ಹೆಸರಿಟ್ಟು ವಂದಿಸಿದರು.

1956ರ ಫೆಬ್ರವರಿಯಲ್ಲಿ ಹಿಗ್ಗಿದ ಸೆನೆಟ್ಟೂ ಕೆಳಮನೆಯೂ ಜಂಟಿಯಾಗಿ ಕೂತವು. ಒಟ್ಟು 248, ಬೇಕಾದ್ದು 166, ಬಂದದ್ದು 173. ಈಗ ಕಲಂ 35ರ ಅಕ್ಷರಕ್ಕೆ ಚ್ಯುತಿ ಇಲ್ಲ. ಈ ತಿದ್ದುಪಡಿ ಕಾಯ್ದೆ 1951ರ ಕಾಯ್ದೆಗೆ ಜೀವ ಕೊಟ್ಟಿತು, ಕಲಂ 35ರ ಕಾವಲನ್ನು ತೆಗೆಯಿತು. ಜೊತೆಗೆ, ಪಾರ್ಲಿಮೆಂಟಿನ ಯಾವ ಕಾನೂನಿನ ಸಿಂಧುತ್ವವನ್ನೂ ಇನ್ನು ಯಾವ ಕೋರ್ಟೂ ವಿಚಾರಿಸುವಂತಿಲ್ಲ ಎಂದು ವಿಧಿಸಿತು. ಕಲಂ 137 ಮತ್ತು ಅದನ್ನು ಕಾಯುವ 152ನ್ನು ಬದಲಿಸುವ ಕಾನೂನುಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು. ಅಂದರೆ ಭಾಷೆಯ ಬೀಗವನ್ನು ಹಾಗೆಯೇ ಬಿಟ್ಟು, ಅದರ ಕಾವಲಿಗೆ ಕೋರ್ಟನ್ನೂ ಉಳಿಸಿಕೊಂಡರು. ಕೋರ್ಟಿನ ಕಾವಲು ಎಷ್ಟು ಬೆಲೆಯುಳ್ಳದ್ದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಈ ಸಾಲುಗಳನ್ನು ತರಗತಿಯಲ್ಲಿ ಓದುವಾಗ ನನಗೆ ಪ್ರತಿ ಬಾರಿಯೂ ಸಂಕಟವಾಗುತ್ತದೆ. ತನ್ನ ನುಡಿಗೆ ರಕ್ಷಣೆ ಬೇಕೆಂದು ತಿಳಿದ ಜನ, ಅದೇ ನುಡಿಯಾಡುವ ನೆರೆಯವರ ಮತಕ್ಕೆ ಅದು ಬೇಡವೆಂದರು.

ಹತ್ತು ಮತ್ತು ಒಂದು

ಈ ಸಲ ಕೋರ್ಟಿಗೆ ಹೋದವರು ಕಾಲಿನ್ಸ್. 1956ರ ನವೆಂಬರಿನಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಹತ್ತು ಜನ ಸರ್ಕಾರದ ಪರ. ಹೊಸದಾಗಿ ನೇಮಕವಾದ ಐವರಿಂದಲೇ ಹೀಗಾಯಿತು ಎಂದು ಎಷ್ಟೋ ಜನ ಬರೆಯುತ್ತಾರೆ. ಅದು ಸರಿಯಲ್ಲ. ಬಹುಮತದ ತೀರ್ಪನ್ನು ಬರೆದವರು ಸೆಂಟ್ಲಿವರ್ಸ್ ಅವರೇ. ಹೂಕ್ಸ್‌ಟರ್ ಕೂಡ ಅವರ ಜೊತೆಗಿದ್ದರು. ಅವರ ತರ್ಕ ಹೀಗಿತ್ತು: ಸೆನೆಟ್ಟಿನ ರಚನೆಯನ್ನು ಸಾದಾ ಬಹುಮತದಿಂದ ಬದಲಿಸುವ ಅಧಿಕಾರ ಪಾರ್ಲಿಮೆಂಟಿಗೆ ಇದೆ. ಜಂಟಿ ಅಧಿವೇಶನ ನಿಯಮದಂತೆ ನಡೆದಿದೆ. ಎರಡೂ ಹೆಜ್ಜೆ ಬಿಡಿಬಿಡಿಯಾಗಿ ಸರಿ ಇದ್ದ ಮೇಲೆ ಅವನ್ನು ಕೂಡಿಸಿ ನೋಡಿ, ಉದ್ದೇಶ ಕೆಟ್ಟದಿತ್ತು ಎಂದು ಬೀಳಿಸಲು ಕೋರ್ಟಿಗೆ ಅಧಿಕಾರವಿಲ್ಲ. ಶಾಸಕಾಂಗದ ಉದ್ದೇಶವನ್ನು ಕೆದಕುವುದು ನ್ಯಾಯಾಧೀಶರ ಕೆಲಸವಲ್ಲ.

ಒಬ್ಬರು ಮಾತ್ರ ಒಪ್ಪಲಿಲ್ಲ. ಆಲಿವರ್ ಶ್ರೈನರ್. ಕಲಂ 35ರಲ್ಲಿ ‘ಸದನ’ ಎಂಬ ಪದಕ್ಕೆ ಒಂದು ತೂಕವಿದೆ ಎಂದರು ಅವರು. ಮೂರನೇ ಎರಡು ಬಹುಮತ ಬೇಕೆಂದು ಯಾಕೆ ಬರೆದರು? ಸದಸ್ಯರಲ್ಲಿ ನಿಜವಾದ ವಿಶಾಲ ಒಪ್ಪಿಗೆ ಇದ್ದರೆ ಮಾತ್ರ ಈ ಹಕ್ಕು ಮುಟ್ಟಬಹುದು ಎಂದು. ಆ ಬಹುಮತವನ್ನು ತಯಾರಿಸುವ ಒಂದೇ ಕೆಲಸಕ್ಕೆ, ಫಲಿತಾಂಶ ಮೊದಲೇ ಗೊತ್ತಿರುವ ಹಾಗೆ ಕಟ್ಟಿದ ಕೂಟವನ್ನು ಆ ಕಲಮಿನ ಅರ್ಥದಲ್ಲಿ ಸದನ ಎನ್ನಲಾಗದು. ಗಮನಿಸಿ, ಇದು 1952ರ ಸೆಂಟ್ಲಿವರ್ಸ್ ಕೇಳಿದ ಪ್ರಶ್ನೆಯೇ. ಪಾರ್ಲಿಮೆಂಟು ಅಂದರೆ ಯಾರು? ಅವರು ಅಂದು ರೂಪ ನೋಡಿ ಉತ್ತರ ಕೊಟ್ಟರು, ಶ್ರೈನರ್ ಇಂದು ರೂಪದ ಒಳಗಿನ ತಿರುಳನ್ನು ನೋಡಬೇಕೆಂದರು. ನನ್ನ ಮಟ್ಟಿಗೆ ಶ್ರೈನರ್ ಅವರದೇ ಸರಿಯಾದ ಓದು. ಬಹುಮತದ ತೀರ್ಪನ್ನು ಬರೆದವರು ಹೇಡಿಗಳಲ್ಲ. ಸೆಂಟ್ಲಿವರ್ಸ್ ಮುಂದೆ ವಿಶ್ವವಿದ್ಯಾಲಯಗಳಲ್ಲಿ ಬಣ್ಣದ ಗೋಡೆ ಎಬ್ಬಿಸುವುದನ್ನು ಬಹಿರಂಗವಾಗಿ ವಿರೋಧಿಸಿದವರು. ಆದರೆ ಎರಡು ಹೆಜ್ಜೆಗಳನ್ನು ಬಿಡಿಸಿ ನೋಡಿದ್ದರಿಂದ ಅವರಿಗೆ ನಡಿಗೆ ಎತ್ತ ಸಾಗಿದೆ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಶ್ರೈನರ್ ಮನೆತನಕ್ಕೂ ಕಲಂ 35ಕ್ಕೂ ಹಳೆಯ ನಂಟು. ಅವರ ತಂದೆ ಡಬ್ಲ್ಯು.ಪಿ. ಶ್ರೈನರ್ ಕೇಪ್ ವಸಾಹತಿನ ಪ್ರಧಾನಿಯಾಗಿದ್ದವರು. 1909ರಲ್ಲಿ ಆಫ್ರಿಕನ್ ಮತ್ತು ಕಲರ್ಡ್ ಮುಖಂಡರ ಜೊತೆ ಲಂಡನ್ನಿಗೆ ಹೋಗಿ, ಕರಡಿನಲ್ಲಿದ್ದ ಬಣ್ಣಭೇದ ತೆಗೆಯಿರಿ, ಈ ಕಾವಲು ಸಾಲದು ಎಂದು ಬೇಡಿಕೊಂಡವರು. ಟ್ರಾನ್ಸ್‌ವಾಲಿನ ಭಾರತೀಯರ ಅಹವಾಲು ಹಿಡಿದುಕೊಂಡು ಗಾಂಧಿಯವರೂ ಅದೇ ಬೇಸಿಗೆಯಲ್ಲಿ ಲಂಡನ್ನಿನಲ್ಲಿದ್ದರು. ಯಾರ ಮಾತೂ ನಡೆಯಲಿಲ್ಲ. ತಂದೆ ಸಾಲದು ಎಂದ ಕಾವಲಿನ ಪರವಾಗಿ ನಲವತ್ತೇಳು ವರ್ಷದ ಮೇಲೆ ಮಗ ಒಂಟಿಯಾಗಿ ನಿಂತರು.

1957ರಲ್ಲಿ ಸೆಂಟ್ಲಿವರ್ಸ್ ನಿವೃತ್ತರಾದಾಗ ಸೇವಾ ಹಿರಿತನದಲ್ಲಿ ಮುಂದಿದ್ದವರು ಶ್ರೈನರ್. ಮುಖ್ಯ ನ್ಯಾಯಮೂರ್ತಿ ಹುದ್ದೆ ಫೇಗನ್ ಅವರಿಗೆ ಹೋಯಿತು. 1959ರಲ್ಲಿ ಮತ್ತೆ ಖಾಲಿಯಾದಾಗ 1955ರಲ್ಲಿ ಬಂದ ಸ್ಟೇನ್ ಅವರಿಗೆ ಹೋಯಿತು. ಶ್ರೈನರ್ ಮರುವರ್ಷ ನಿವೃತ್ತರಾದರು. ಇದನ್ನು ಓದುವ ಕನ್ನಡಿಗರಿಗೆ ಕೆ.ಎಸ್. ಹೆಗ್ಡೆಯವರ ನೆನಪಾಗದೆ ಇರದು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಕರಣದಲ್ಲಿ 1973ರಲ್ಲಿ ಸುಪ್ರೀಂ ಕೋರ್ಟು, ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡವುವಂತಿಲ್ಲ ಎಂದಿತು. ವಿಧಾನ ಸರಿಯಾಗಿದ್ದರೆ ಸಾಲದು, ತಿರುಳನ್ನೂ ನೋಡಬೇಕು ಎಂಬ ತೀರ್ಪು ಅದು. ಆ ಬಹುಮತದಲ್ಲಿದ್ದ ಹೆಗ್ಡೆ, ಶೆಲತ್, ಗ್ರೋವರ್ ಮೂವರನ್ನೂ ತೀರ್ಪಿನ ಬೆನ್ನಲ್ಲೇ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು.

ಆಮೇಲೆ ಆದದ್ದು

ಬೇರೆ ಪಟ್ಟಿಯ ನಾಲ್ಕು ಸೀಟು ಕೂಡ ಬಹಳ ದಿನ ಬಾಳಲಿಲ್ಲ. 1968ರ ಕಾನೂನು ಅವನ್ನೂ ತೆಗೆಯಿತು. ಅಷ್ಟರಲ್ಲಿ ದಕ್ಷಿಣ ಆಫ್ರಿಕಾ ಡೊಮಿನಿಯನ್ ಆಗಿ ಉಳಿದಿರಲಿಲ್ಲ, 1961ರಲ್ಲಿ ಗಣರಾಜ್ಯವಾಗಿತ್ತು. ಕಪ್ಪು, ಕಲರ್ಡ್, ಭಾರತೀಯ, ಬಿಳಿಯ ಎಲ್ಲರೂ ಒಂದೇ ಪಟ್ಟಿಯಲ್ಲಿ ಮತ ಹಾಕಿದ್ದು 1994ರ ಏಪ್ರಿಲಿನಲ್ಲಿ.

ಹೊಸ ಸಂವಿಧಾನ ಬರೆಯಲು ಕೂತ ಸಭೆಗೆ ಪಕ್ಷಗಳು ಮೊದಲೇ ಒಪ್ಪಿದ ಕೆಲವು ತತ್ತ್ವಗಳನ್ನು ಕೊಟ್ಟಿದ್ದರು. ಬರೆದ ಪಠ್ಯ ಅವಕ್ಕೆ ಹೊಂದುತ್ತದೆಂದು ಹೊಸ ಸಂವಿಧಾನ ನ್ಯಾಯಾಲಯ ದೃಢೀಕರಿಸಿದ ಮೇಲೆಯೇ ಅದು ಜಾರಿಗೆ ಬರಬೇಕೆಂದು ಗೊತ್ತುಮಾಡಿದ್ದರು. 1996ರ ಸೆಪ್ಟೆಂಬರ್ 6ರಂದು ನ್ಯಾಯಾಲಯ ದೃಢೀಕರಿಸಲು ನಿರಾಕರಿಸಿ ಪಠ್ಯವನ್ನು ವಾಪಸು ಕಳಿಸಿತು. ಜನ ಆರಿಸಿದ ಸಭೆ ಬಹು ದೊಡ್ಡ ಬಹುಮತದಿಂದ ಒಪ್ಪಿದ ಸಂವಿಧಾನವನ್ನೇ ವಾಪಸು ಕಳಿಸಿದ್ದು. ಕಾರಣಗಳು ಹಲವು. ಅವುಗಳಲ್ಲಿ ಒಂದು, ತಿದ್ದುಪಡಿಗೆ ಇಟ್ಟ ವಿಶೇಷ ವಿಧಾನ ಸಾಲದು ಎಂಬುದು. ಇನ್ನೊಂದು, ಮೂಲಭೂತ ಹಕ್ಕುಗಳಿಗೆ ಹಾಕಿದ ಬೀಗ ಸಡಿಲ ಎಂಬುದು. ಸಭೆ ಮತ್ತೆ ಕೂತು ತಿದ್ದಿತು. ಡಿಸೆಂಬರಿನಲ್ಲಿ ನ್ಯಾಯಾಲಯ ಒಪ್ಪಿತು. ಈಗ ಆ ಸಂವಿಧಾನದ 74ನೇ ವಿಧಿಯಂತೆ ಹಕ್ಕುಗಳ ಅಧ್ಯಾಯವನ್ನು ಮುಟ್ಟಬೇಕಾದರೆ ಕೆಳಮನೆಯ ಮೂರನೇ ಎರಡು ಸದಸ್ಯರ ಜೊತೆಗೆ ಒಂಬತ್ತು ಪ್ರಾಂತಗಳಲ್ಲಿ ಆರು ಒಪ್ಪಬೇಕು. ಮೊದಲ ವಿಧಿಯನ್ನು, ಅಂದರೆ ಎಲ್ಲ ವಯಸ್ಕರಿಗೂ ಮತ, ಎಲ್ಲರಿಗೂ ಒಂದೇ ಮತದಾರರ ಪಟ್ಟಿ ಎಂಬ ಸಾಲಿರುವ ವಿಧಿಯನ್ನು ಮುಟ್ಟಬೇಕಾದರೆ ಆರು ಪ್ರಾಂತಗಳ ಜೊತೆಗೆ ಕೆಳಮನೆಯ ನೂರಕ್ಕೆ 75 ಬೇಕು. ಮಸೂದೆಯನ್ನು ಮಂಡಿಸುವ ಮೂವತ್ತು ದಿನ ಮೊದಲೇ ಗೆಜೆಟ್ಟಿನಲ್ಲಿ ಅಚ್ಚು ಹಾಕಿ ಜನರ ಮುಂದೆ ಇಡಬೇಕು.